ಫ್ಲಾಪಿಯಲ್ಲಿ ಜಾಗ ಇತ್ತು

ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಕಂಪ್ಯೂಟರ್ ಕೈಕೊಟ್ಟಿದೆ ಎಂದು ಫೋನು ಬಂದಾಗ ನಾನು ಹೊನ್ನಾಳಿಯ ರೈಸ್ ಮಿಲ್ಲಿನಲ್ಲಿ ಕೂತು ಪ್ರಿಂಟರಿನ ಹೊಟ್ಟೆಯಿಂದ ಭತ್ತದ ಹೊಟ್ಟು ತೆಗೆಯುತ್ತಿದ್ದೆ. ಎಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ಕಂಪ್ಯೂಟರ್ ಮಾರುವ ಒಂದು ಅಂಗಡಿಗೆ ನಾನು ಸರ್ವಿಸ್ ಇಂಜಿನಿಯರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಇಷ್ಟೂ ಕಡೆ ನಮ್ಮ ಗಿರಾಕಿಗಳು. ಎಲ್ಲ ಸೇರಿಸಿದರೂ ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸುವಷ್ಟೇ ಯಂತ್ರಗಳು, ಆದರೆ ಅಷ್ಟಕ್ಕೂ ನಾನೊಬ್ಬನೇ. ಬ್ಯಾಗಿನಲ್ಲಿ ಸ್ಕ್ರೂಡ್ರೈವರು, ಸ್ಪಿರಿಟ್ ಬಾಟಲಿ, ಹತ್ತಿ, ಒಂದು ಡಬ್ಬಿ ಫ್ಲಾಪಿ, ಒಂದು ಜೊತೆ ಬಟ್ಟೆ. ದಿನದ ಅರ್ಧ ಆಯುಷ್ಯ ಬಸ್ಸಿನಲ್ಲಿ ಕಳೆಯುತ್ತಿತ್ತು.

ಆ ಕೆಲಸದಲ್ಲಿ ನನಗೆ ಬಹಳ ಬೇಜಾರು ತಂದದ್ದು ಓಡಾಟವಲ್ಲ. ಮಾಡಿದ ಕೆಲಸವನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಪಂಪು ರಿಪೇರಿ ಮಾಡಿದವನು ಹೋಟೆಲಿನಲ್ಲಿ ಕೂತು ವಾಷರಿನ ಕತೆ ಹೇಳಿದರೆ ನಾಲ್ಕು ಜನ ಕಿವಿ ಕೊಡುತ್ತಾರೆ. ನಾನು ಫ್ಲಾಪಿ ಎಂದು ಬಾಯಿ ತೆರೆದರೆ ಎದುರಿನವರು ಮಂಡಕ್ಕಿ ಕಡೆ ನೋಡುತ್ತಿದ್ದರು. ಹಾಗಾಗಿ ನಾನು ಯಂತ್ರಗಳ ಜೊತೆಗೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೆ. ಬೈಯುವುದನ್ನೂ.

ಮಂಡಿಯ ಸಾಹುಕಾರರು ಹಣೆ ತುಂಬ ವಿಭೂತಿ ಧರಿಸಿ ಗಾದಿಯ ಮೇಲೆ ಕೂತಿದ್ದರು. ಕಂಪ್ಯೂಟರಿನ ಪೆಟ್ಟಿಗೆಗೂ ಮೂರು ಬೆರಳಿನ ವಿಭೂತಿ. ಅದರ ಮುಂದೆ ಕೂತಿದ್ದವರು ಟೈಪಿಸ್ಟ್ ಅಕ್ಕ. ವಯಸ್ಸು ನಲವತ್ತರ ಮೇಲೆ. ಗಂಡ ಬಿಟ್ಟುಹೋದ ಮೇಲೆ ಟೈಪಿಂಗ್ ಕಲಿತು, ದಿನಾ ಸಂತೇಬೆನ್ನೂರಿನಿಂದ ಬಸ್ಸಿಗೆ ಬಂದು ಹೋಗುತ್ತಿದ್ದರು. ಉತ್ತರದ ಕಡೆಯ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಅಡಿಕೆಯ ದರದ ಕಾಗದ ಬರೆಯುವುದು ಅವರ ಕೆಲಸ.

"ನೋಡ್ರಿ ಇಂಜಿನಿಯರ್ರೆ, ಇದು ಮೂರನೇ ಫ್ಲಾಪಿ," ಎಂದರು ಸಾಹುಕಾರರು. "ಮೊದ್ಲಿನ್ವು ಎಲ್ಡೂ ಇದೇ ಥರ ಕೆಟ್ಟು ಮೂಲೆ ಸೇರಿದ್ವು. ಫ್ಲಾಪಿ ಕೊಟ್ಟೋರು ನೀವು, ಮಿಷಿನ್ ಕೊಟ್ಟೋರು ನೀವು. ನಿಮ್ದು ಸರಿ ಐತೆ ಅಂದ್ರೆ ಇನ್ನ ಉಳಿದಿದ್ದು ಕೈಗುಣ."

ಕೈಗುಣ ಎಂದಾಗ ಅವರು ಅಕ್ಕನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಸಸಿ ನೆಡುವುದಕ್ಕೆ, ಉಪ್ಪಿನಕಾಯಿ ಹಾಕುವುದಕ್ಕೆ, ಬೋಣಿಗೆಗೆ, ಎಲ್ಲಕ್ಕೂ ಕೈಗುಣ ನೋಡುತ್ತಾರೆ. ಅದು ಕೆಟ್ಟದ್ದು ಎಂದು ಒಮ್ಮೆ ಹೆಸರು ಬಂದರೆ ಮುಗಿಯಿತು, ಅದಕ್ಕೆ ಅಪೀಲಿಲ್ಲ. ಸಾಹುಕಾರರ ಭಾವಮೈದನ ಮಗ ಒಬ್ಬ ದಾವಣಗೆರೆಯಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿದ್ದನಂತೆ. "ಮುಂದಿನ ಸೋಮವಾರದೊಳಗೆ ಸರಿ ಆಗ್ಲಿಲ್ಲ ಅಂದ್ರೆ ಅವ್ನನ್ನ ಕರಸ್ತೀನಿ," ಎಂದರು.

ಅಕ್ಕ ನನಗೆ ತೊಂದರೆ ತೋರಿಸಿದರು. ಹಳೆಯ ಕಾಗದವೊಂದನ್ನು ತೆರೆದು, ದರ ತಿದ್ದಿ, ಸೇವ್ ಮಾಡಲು ಹೋದರೆ ಪರದೆಯ ಮೇಲೆ ಒಂದೇ ಮಾತು: ಡಿಸ್ಕ್ ಫುಲ್. ಜಾಗ ಇಲ್ಲ. ಹೊಸ ಕಾಗದ ಬರೆದರೂ ಅದೇ. ಫ್ಲಾಪಿಯಲ್ಲಿ ಏನೇನಿದೆ ಎಂದು ಪಟ್ಟಿ ಕೇಳಿದರೆ ಹೆಸರುಗಳೆಲ್ಲ ಸರಸರನೆ ಓಡಿಹೋಗಿ, ಕೊನೆಯ ಸಾಲಿನ ಬಲಗಡೆ ಉಳಿದ ಜಾಗದ ಲೆಕ್ಕ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಫ್ಲಾಪಿ ಖಾಲಿ!

"ಏನಲೇ, ಜಾಗ ಇಟ್ಕೊಂಡು ಇಲ್ಲ ಅಂತೀಯಾ?" ಎಂದೆ ಯಂತ್ರಕ್ಕೆ. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿ ನಕ್ಕರು. ಅವರು ನಕ್ಕದ್ದನ್ನು ನೋಡಿದ್ದು ಆ ವಾರದಲ್ಲಿ ಅದೊಂದೇ ಸಲ.

ನನ್ನ ಮೊದಲ ಅನುಮಾನ ವಿಭೂತಿಯ ಮೇಲೆ. ಫ್ಲಾಪಿ ಓದುವ ಡ್ರೈವನ್ನು ಬಿಚ್ಚಿದೆ. ಊಹೆ ಪೂರ್ತಿ ಸುಳ್ಳಾಗಲಿಲ್ಲ. ಆಯುಧಪೂಜೆಯ ವಿಭೂತಿ, ಕುಂಕುಮ, ಮೇಲೊಂದಿಷ್ಟು ಅಡಿಕೆ ಧೂಳು, ಒಳಗೆ ಒಂದು ಸಣ್ಣ ಗುಡಿಯೇ ಇತ್ತು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ ಮತ್ತೆ ಕೂಡಿಸಿದೆ. ಸೇವ್ ಮಾಡಿದರೆ, ಜಾಗ ಇಲ್ಲ.

ಎರಡನೆಯ ಅನುಮಾನ ಫ್ಲಾಪಿಯ ಮೇಲೆ. ನನ್ನ ಡಬ್ಬಿಯಿಂದ ಹೊಸದೊಂದನ್ನು ತೆಗೆದು, ಹಳೆಯದರ ಪಡಿಯಚ್ಚು ಅದರ ಮೇಲೆ ಇಳಿಸಿದೆ. ಹೊಚ್ಚ ಹೊಸ ಫ್ಲಾಪಿಯೂ ಜಾಗ ಇಲ್ಲ ಎಂದಿತು. ಇನ್ನೊಂದು ಖಾಲಿ ಫ್ಲಾಪಿ ಹಾಕಿ ಬರೆದರೆ ಲಕ್ಷಣವಾಗಿ ಬರೆಯಿತು. ಹೊಸದು ಕೆಟ್ಟಿದೆ, ಹೊಸದು ಕೆಟ್ಟಿಲ್ಲ. ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಖಾಲಿಯದರಲ್ಲೇ ಕೆಲಸ ಮುಂದುವರಿಸಿ ಎಂದು ಹೇಳಿ ಜಾರಿಕೊಳ್ಳಲು ನೋಡಿದೆ. ಸಾಹುಕಾರರು ಬಿಡಲಿಲ್ಲ. "ಹಳೇ ಕಾಗ್ದ ತಿದ್ದಾಕೆ ಬರಂಗಿಲ್ಲ ಅಂದ್ರೆ ಇದನ್ಯಾಕೆ ತರ್ಬೇಕಿತ್ರೀ? ದಿನಾ ಒರೆಸಿ ಬರಿಯಾಕೆ ಇದೇನು ಸ್ಲೇಟೇನು?" ಅವರ ಮಾತು ನ್ಯಾಯವಾಗಿಯೇ ಇತ್ತು.

ಕೆಟ್ಟ ಫ್ಲಾಪಿಯ ಪಡಿಯಚ್ಚನ್ನು ಬ್ಯಾಗಿಗೆ ಹಾಕಿಕೊಂಡು ಮರುದಿನ ಹೊನ್ನಾಳಿಗೆ ಹೋದೆ. ರೈಸ್ ಮಿಲ್ಲಿನ ಯಂತ್ರದಲ್ಲಿ ಹಾಕಿ ನೋಡಿದೆ. ಅದೂ ಜಾಗ ಇಲ್ಲ ಎಂದಿತು. ಅಲ್ಲಿಗೆ ಯಂತ್ರದ ತಪ್ಪಲ್ಲ, ವಿಭೂತಿಯ ತಪ್ಪಲ್ಲ, ಅಕ್ಕನ ಕೈಯ ತಪ್ಪಂತೂ ಅಲ್ಲ. ಅವರ ಕೈ ಹೊನ್ನಾಳಿಯವರೆಗೆ ಬಂದಿರಲಿಲ್ಲವಲ್ಲ! ಮಿಲ್ಲಿನಿಂದಲೇ ದಾವಣಗೆರೆಗೆ ಫೋನು ಮಾಡಿ ನಮ್ಮ ಅಂಗಡಿಯ ಯಜಮಾನರಿಗೆ ಎಲ್ಲ ಒಪ್ಪಿಸಿದೆ.

"ಅಯ್ಯೋ ಮಾರಾಯ, ಆಪರೇಟರ್ ತಪ್ಪು ಅಂತ ಹೇಳಿ ಕೈ ತೊಳ್ಕೊಂಡು ಬಾ," ಎಂದರು ಅವರು. "ಕುಣಿಯಾಕೆ ಬರ್ದೋರು ನೆಲ ಡೊಂಕು ಅಂದ್ರಂತೆ. ಆಮೇಲೆ, ಆ ಚನ್ನಗಿರೀಲೊಂದು ರೂಮು ಹಿಡಿ ಅಂತ ಹೇಳಿ ಎಷ್ಟ್ ದಿನ ಆತು? ದಿನಾ ಬಸ್ಸಲ್ಲೇ ಸಂಸಾರ ಮಾಡ್ತೀಯೇನು?"

ನಾನು ರೂಮು ಹುಡುಕದೆ ಇರಲಿಲ್ಲ. ಸಿಗದ ಕಾರಣವನ್ನು ಫೋನಿನಲ್ಲಿ ಹೇಳಲು ಮನಸ್ಸಿರಲಿಲ್ಲ.

ಹಿಂದಿನ ತಿಂಗಳು ಚನ್ನಗಿರಿಯಲ್ಲಿ ಒಂದು ಮನೆಯ ಗೇಟಿಗೆ ಬಾಡಿಗೆಗೆ ಇದೆ ಎಂಬ ಬೋರ್ಡು ನೋಡಿ ಹೋಗಿದ್ದೆ. ಮನೆಯೊಡತಿ ನೀರು ಕೊಟ್ಟು, ಓದು ಕೇಳಿ, ಕೆಲಸ ಕೇಳಿ ಮೆಚ್ಚಿಕೊಂಡರು. ಕೀಲಿಕೈ ಕೂಡ ಕೈಗೆ ತೆಗೆದುಕೊಂಡರು. ಆಮೇಲೆ ಬಾಗಿಲ ಹತ್ತಿರ ನಿಂತು, "ಅಂದಂಗೆ ನೀವು ಯಾವ ಪೈಕಿ ಆಗ್ಬೇಕು?" ಎಂದರು. ನಾನು "ಎಸ್.ಸಿ." ಎಂದೆ. ಅವರಿಗೆ ತಕ್ಷಣ ನೆನಪಾಯಿತು, ಹಿಂದಿನ ದಿನ ಸಂಜೆಯೇ ಯಾರಿಗೋ ಕೊಟ್ಟುಬಿಟ್ಟಿದ್ದಾರಂತೆ. ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿಯ ಗಿರಾಕಿಯೊಬ್ಬರು ತೋರಿಸಿದ ಮನೆಯಲ್ಲೂ ಇದೇ ಆಯಿತು. ಅಲ್ಲಿ ಪ್ರಶ್ನೆ ಮೊದಲೇ ಬಂದಿದ್ದರಿಂದ ನೀರು ಬರಲಿಲ್ಲ. "ಜಾಗ ಇಲ್ಲಪ್ಪ," ಎಂದು ಯಜಮಾನರು ಹೇಳುವಾಗ ಅವರ ಬೆನ್ನ ಹಿಂದೆ ಖಾಲಿ ಕೋಣೆಯ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು.

ಒಂದು ವಾರ ಕಳೆದು ಹೋದಾಗಲೂ ಚನ್ನಗಿರಿಯ ಗೇಟಿನಲ್ಲಿ ಬೋರ್ಡು ಹಾಗೇ ಇತ್ತು. ಎದುರಿನ ಅಂಗಡಿಯಲ್ಲಿ ಬಾಳೆಹಣ್ಣು ತಿನ್ನುತ್ತಾ ಅದನ್ನೇ ನೋಡುತ್ತ ನಿಂತೆ. ಸಿಟ್ಟು ಬಂದಿತ್ತು ಎಂದರೆ ಸುಳ್ಳಾಗುತ್ತದೆ. ಸಿಟ್ಟಿಗೆ ಜೊತೆಯೊಬ್ಬರು ಬೇಕು. ನನಗೆ ಬಂದದ್ದು ಬರೀ ಸುಸ್ತು. ಇಷ್ಟು ಊರು, ಇಷ್ಟು ಮನೆ, ಒಂದು ಚಾಪೆ ಹಾಸುವಷ್ಟು ನೆಲ ನನಗೆ ಇಲ್ಲವಲ್ಲ. ಬಾಳೆಹಣ್ಣಿನ ಸಿಪ್ಪೆ ಅಲ್ಲಿದ್ದ ಹಸುವಿಗೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಶನಿವಾರ ಜಗಳೂರಿನಿಂದ ಕರೆ ಬಂತು. ಅಲ್ಲಿನ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲೂ ಡಿಸ್ಕ್ ಫುಲ್! ಈ ರೋಗ ಊರೂರಿಗೆ ಹಬ್ಬಿತೆ ಎಂದುಕೊಳ್ಳುತ್ತ ಹೋದೆ. ಹೋಗಿ ನೋಡಿದರೆ ಅಲ್ಲಿ ಜಾಗ ನಿಜವಾಗಿಯೂ ಮುಗಿದಿತ್ತು. ಗುಮಾಸ್ತರು ಸಂಸ್ಥೆಯ ಇತಿಹಾಸವನ್ನೇ ಬರೆಯುತ್ತಿದ್ದರು. ಬೆರಳೆಣಿಕೆಯ ಫೈಲುಗಳು, ಒಂದೊಂದೂ ಮಾರುದ್ದ. ಪಟ್ಟಿ ಕೇಳಿದರೆ ಕೊನೆಯಲ್ಲಿ ಉಳಿದ ಜಾಗ ಸೊನ್ನೆಯ ಹತ್ತಿರ. ಹೊಸ ಫ್ಲಾಪಿ ಕೊಟ್ಟೆ, ಕೆಲಸ ಮುಗಿಯಿತು. ಯಂತ್ರ ಒಮ್ಮೆಯಾದರೂ ನಿಜ ಹೇಳಿತ್ತು.

ವಾಪಸು ಬರುವಾಗ ಬಸ್ಸಿನ ಕೊನೆಯ ಸೀಟಿನಲ್ಲಿ ಎರಡನ್ನೂ ಹೋಲಿಸಿ ನೋಡಿದೆ. ಜಗಳೂರಿನಲ್ಲೂ ಅದೇ ಪ್ರೋಗ್ರಾಮು, ಅದೇ ಮಾತು. ಅಲ್ಲಿ ಜಾಗ ಇರಲಿಲ್ಲ, ಇಲ್ಲ ಎಂದಿತು. ಚನ್ನಗಿರಿಯಲ್ಲಿ ಇದೆ, ಆದರೂ ಇಲ್ಲ ಎಂದಿತು. ನಾನು ಇಷ್ಟು ದಿನ ಮಾಡಿದ್ದೇನು? ಆ ಮಾತನ್ನು ನಂಬಿ ಜಾಗವನ್ನೇ ಅಳೆಯುತ್ತಾ ಕೂತಿದ್ದೆ. ನನಗೆ ನಗು ಬಂತು. ಜಾಗ ಇಲ್ಲ ಎನ್ನುವವರು ಎಲ್ಲ ಸಲವೂ ಜಾಗದ ಮಾತಾಡುತ್ತಿರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಅಡ್ಡಿ ಬೇರೆಯದೇ ಇರುತ್ತದೆ. ಹೇಳಲು ಬಾಯಿ ಬಾರದೆ ಜಾಗದ ಮೇಲೆ ಹಾಕುತ್ತಾರೆ. ಇನ್ನು ಜಾಗ ಅಳೆಯುವುದು ಬೇಡ ಎಂದು ಅಲ್ಲೇ ತೀರ್ಮಾನಿಸಿದೆ. ಯಜಮಾನರು ಕೈ ತೊಳೆದುಕೊಂಡು ಬಾ ಎಂದಿದ್ದರೂ ಸೋಮವಾರ ಬೆಳಿಗ್ಗೆ ಮತ್ತೆ ಚನ್ನಗಿರಿಯಲ್ಲಿ ಇಳಿದೆ.

ಸಾಹುಕಾರರು ಹರಾಜಿಗೆ ಹೋಗಿದ್ದರು. ಅಕ್ಕ ಮೇಜಿನ ಡ್ರಾ ಖಾಲಿ ಮಾಡುತ್ತಿದ್ದರು. ಊಟದ ಡಬ್ಬಿ, ಬಾಚಣಿಗೆ, ಟೈಪಿಂಗ್ ಪರೀಕ್ಷೆಯ ಸರ್ಟಿಫಿಕೇಟಿನ ಫೋಟೋ ಫ್ರೇಮು, ಎಲ್ಲ ಒಂದು ವೈರ್ ಬ್ಯಾಗಿಗೆ ಸೇರುತ್ತಿದ್ದವು.

"ಯಾಕ್ರೀ ಅಕ್ಕಾ, ಇನ್ನ ಸಂಜೆ ಆಗಿಲ್ಲಲ್ರೀ."

"ಹೇಳಿಸಿಕೊಂಡು ಎದ್ದು ಹೋಗಾದ್ಕಿಂತ ರೆಡಿ ಆಗಿರಾದು ವಾಸಿ, ಇಂಜಿನಿಯರ್ರೆ. ನನ್ ಕೈಗುಣ ಸರಿ ಇಲ್ಲ ಅಂತ ಊರಿಗೆಲ್ಲ ಗೊತ್ತಾದ್ಮೇಲೆ ಸಂತೇಬೆನ್ನೂರಲ್ಲಿ ಟೈಪ್ ಮಾಡಾಕೆ ನಂಗೆ ಯಾರು ಕಾಗ್ದ ಕೊಡ್ತಾರೆ ಹೇಳ್ರಿ." ಅವರ ದನಿಯಲ್ಲಿ ಅಳು ಇರಲಿಲ್ಲ. ಅದೇ ನನಗೆ ಕಷ್ಟವಾಯಿತು. ನನಗೆ ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋದರು.

ನಾನು ಫ್ಲಾಪಿಯ ಪಟ್ಟಿ ತೆಗೆದೆ. ಈ ಸಲ ಪ್ರೋಗ್ರಾಮನ್ನು ಬಿಟ್ಟು, ನೇರವಾಗಿ ಯಂತ್ರಕ್ಕೇ ಒಂದು ಫೈಲನ್ನು ಆ ಫ್ಲಾಪಿಗೆ ನಕಲು ಮಾಡು ಎಂದು ಹೇಳಿದೆ. ಅದು ಜಾಗ ಇಲ್ಲ ಎನ್ನಲಿಲ್ಲ. ಫೈಲ್ ಹುಟ್ಟಿಸಲು ಆಗುತ್ತಿಲ್ಲ ಎಂದಿತು. ಓಹೋ! ಬಾಗಿಲು ಮುಚ್ಚಿದ್ದು ಅದೇ, ಮಾತು ಬೇರೆ. ಸರಿ, ಒಂದನ್ನು ಅಳಿಸಿ ನೋಡೋಣ ಎಂದು ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಫೈಲನ್ನು ಹುಡುಕಿದೆ. ಅಳಿಸಿದರೂ ಯಾರಿಗೂ ನಷ್ಟವಾಗದಷ್ಟು ಚಿಕ್ಕದು, ಒಂದೇ ಒಂದು ಪದ ಹಿಡಿಯುವಷ್ಟು. ಅಳಿಸಿದೆ. ಆಮೇಲೆ ಎರಡು ಪುಟದ ದರದ ಕಾಗದವನ್ನು ತೆರೆದು ತಿದ್ದಿ ಸೇವ್ ಮಾಡಿದೆ.

ಯಂತ್ರ ಗುರ್ ಎಂದು ತಿರುಗಿ, ತಣ್ಣಗೆ ಬರೆದುಕೊಂಡಿತು.

ಒಂದು ಪದ ಎದ್ದು ಹೋದ ಕಡೆ ಎರಡು ಪುಟ ಹೇಗೆ ಕೂತಿತು? ಅಳಿಸಿದ ಫೈಲಿನ ಹೆಸರನ್ನು ಚೀಟಿಯಲ್ಲಿ ಗೀಚಿಕೊಂಡು ನಾನು ಪರದೆಯನ್ನೇ ನೋಡುತ್ತಿರುವಾಗ ಹಿಂದೆ ಚಹಾ ಲೋಟ ಟಕ್ಕೆಂದು ಮೇಜಿನ ಮೇಲೆ ಕೂತಿತು.

"ಅಯ್ಯಯ್ಯೋ, ಶ್ರೀ ಅಳ್ಸಿಬಿಟ್ರಾ?"

"ಯಾವ ಶ್ರೀ ಅಕ್ಕಾ?"

ಅವರು ಹೇಳಿದ್ದು ಇಷ್ಟು. ಸಾಹುಕಾರರ ಮನೆತನದಲ್ಲಿ ದಿನದ ಮೊದಲ ಹಾಳೆಯ ಮೇಲೆ ಶ್ರೀಕಾರ ಬರೆಯದೆ ಯಾವ ಕೆಲಸವನ್ನೂ ಶುರು ಮಾಡುವಂತಿಲ್ಲ. ಟೈಪ್‌ರೈಟರ್ ಇದ್ದಾಗ ಅಕ್ಕ ಬೆಳಿಗ್ಗೆ ಬಂದು ಒಂದು ಹೊಸ ಹಾಳೆ ಹಾಕಿ ಶ್ರೀ ಎಂದಷ್ಟೇ ಟೈಪು ಮಾಡಿ, ಆ ಹಾಳೆಯನ್ನು ಗಾದಿಯ ಕೆಳಗೆ ಇಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಸಾಹುಕಾರರು ಇದಕ್ಕೂ ಹಾಗೇ ಆಗಬೇಕು ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಹೊಸ ಫೈಲು, ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಶ್ರೀ, ಸೇವ್. ಫೈಲಿಗೆ ಆ ದಿನದ ತಾರೀಖಿನ ಹೆಸರು. ಶ್ರೀಕಾರ ಅಳಿಸುವುದು ಅಪಶಕುನವಾದ್ದರಿಂದ ಒಂದನ್ನೂ ಅಳಿಸಿರಲಿಲ್ಲ.

ನಾನು ಮತ್ತೆ ಪಟ್ಟಿ ಕೇಳಿದೆ. ಅದರ ಕೊನೆಯ ಸಾಲಿನಲ್ಲಿ ಎರಡು ಸಂಖ್ಯೆ ಬರುತ್ತವೆ. ಬಲಗಡೆ ಉಳಿದ ಜಾಗ, ಎಡಗಡೆ ಫೈಲುಗಳ ಎಣಿಕೆ. ಇಷ್ಟು ದಿನ ನನ್ನ ಕಣ್ಣು ಬಲಗಡೆಗೇ ಹೋಗುತ್ತಿತ್ತು. ಎಡಗಡೆ ನೂರ ಹನ್ನೊಂದು ಎಂದಿತ್ತು, ನಾನು ಅಳಿಸಿದ್ದನ್ನು ಸೇರಿಸಿದರೆ ನೂರ ಹನ್ನೆರಡು. ಮೂಲೆ ಸೇರಿದ್ದ ಎರಡು ಕೆಟ್ಟ ಫ್ಲಾಪಿಗಳನ್ನು ತರಿಸಿ ಹಾಕಿದೆ. ಅದರಲ್ಲೂ ನೂರ ಹನ್ನೆರಡು, ಇದರಲ್ಲೂ ನೂರ ಹನ್ನೆರಡು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕತೆ.

ಆ ಕಾಲದ ಫ್ಲಾಪಿಯಲ್ಲಿ ಹೆಸರು ಬರೆದುಕೊಳ್ಳಲು ಮುಂಭಾಗದಲ್ಲಿ ಒಂದಿಷ್ಟು ಸಾಲು ಮೀಸಲಿರುತ್ತಿತ್ತು. ಅಷ್ಟು ಹೆಸರು ತುಂಬಿದರೆ ಒಳಗೆ ಬಯಲಿನಷ್ಟು ಜಾಗವಿದ್ದರೂ ಹೊಸಬರಿಗೆ ಪ್ರವೇಶವಿಲ್ಲ. ತಿದ್ದಿದ ಹಳೆಯ ಕಾಗದವನ್ನು ಉಳಿಸುವಾಗಲೂ ಪ್ರೋಗ್ರಾಮಿಗೆ ತಾತ್ಕಾಲಿಕವಾಗಿ ಒಂದು ಹೊಸ ಹೆಸರು ಬೇಕು, ಅದಕ್ಕೇ ಅದೂ ಆಗುತ್ತಿರಲಿಲ್ಲ. ಪಡಿಯಚ್ಚು ತೆಗೆದಾಗ ಹೆಸರುಗಳೂ ಪೂರ್ತಿ ಇಳಿದಿದ್ದವು, ಹಾಗಾಗಿ ಹೊಸ ಫ್ಲಾಪಿಯೂ ಹಟ ಹಿಡಿದಿತ್ತು. ಅಲ್ಲಿ ಜಾಗಕ್ಕೆ ಬರ ಇರಲಿಲ್ಲ. ಹೆಸರಿಗೆ ಇತ್ತು. ಪ್ರೋಗ್ರಾಮು ಬರೆದವರು ಎರಡಕ್ಕೂ ಒಂದೇ ಉತ್ತರ ಇಟ್ಟಿದ್ದರು.

"ಶ್ರೀ ಎಲ್ಲ ಅಳಿಸಿದ್ರೆ ಸರಿ ಹೋಗುತ್ತೆ ಅಕ್ಕಾ."

"ನನ್ನ ಕೈಯಲ್ಲಂತೂ ಆಗಲ್ರೀ. ಇದ್ದ ಕೈಗುಣಾನೇ ಸಾಕಾಗೈತೆ."

ನನಗೂ ಅವರಿಂದ ಅಳಿಸಿಸುವ ಮನಸ್ಸಾಗಲಿಲ್ಲ. ಯೋಚಿಸಿ ಬೇರೆ ದಾರಿ ಹಿಡಿದೆ. ಖಾಲಿ ಫ್ಲಾಪಿಯೊಂದನ್ನು ಪಕ್ಕದ ಡ್ರೈವಿಗೆ ಹಾಕಿ, ಮೂರೂ ಫ್ಲಾಪಿಯ ಅಷ್ಟೂ ಶ್ರೀಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಒಂದೇ ಫೈಲಾಗಿ ಅದಕ್ಕೆ ಇಳಿಸಿದೆ. ನಾನು ಅಳಿಸಿದ್ದ ಆ ಒಂದನ್ನು ಅಕ್ಕ ತಾವೇ ಟೈಪು ಮಾಡಿ ಕೊನೆಗೆ ಸೇರಿಸಿದರು. ಫೈಲು ತೆರೆದು ತೋರಿಸಿದಾಗ ಪರದೆಯ ಮೇಲಿನಿಂದ ಕೆಳಗೆ ಸಾಲಾಗಿ ಶ್ರೀ, ಶ್ರೀ, ಶ್ರೀ. ಅವರು ಬಂದ ಒಂದೊಂದು ಬೆಳಗೂ ಅಲ್ಲಿತ್ತು. ಅಕ್ಕ ಕೈ ಮುಗಿದರು. ಆಮೇಲಷ್ಟೇ ನಾನು ಕೆಲಸದ ಫ್ಲಾಪಿಗಳಿಂದ ಬಿಡಿ ಶ್ರೀಗಳನ್ನು ತೆಗೆದೆ. ಇನ್ನು ಮುಂದೆ ದಿನಾ ಈ ಒಂದೇ ಫೈಲಿಗೆ ಒಂದು ಸಾಲು ಸೇರಿಸಿದರೆ ಸಾಕು ಎಂದು ಹೇಳಿಕೊಟ್ಟೆ.

ಸಾಹುಕಾರರು ಬಂದಾಗ ಅಕ್ಕ ಕಾಗದದ ಮೇಲೆ ಕಾಗದ ತಿದ್ದಿ ಉಳಿಸುತ್ತಿದ್ದರು. ಮೂಲೆ ಸೇರಿದ್ದ ಫ್ಲಾಪಿಗಳೂ ಕೆಲಸಕ್ಕೆ ಬಂದಿದ್ದವು. ನಾನು ಎಲ್ಲ ವಿವರಿಸಿದೆ.

"ಹಂಗಾದ್ರೆ ಶ್ರೀ ಬರ್ಸಿದ್ದು ನಾನು. ತಪ್ಪು ನಂದಾ?"

"ನಿಮ್ದೂ ಅಲ್ಲ, ಅಕ್ಕಂದೂ ಅಲ್ಲ ಸಾಹುಕಾರ್ರೆ. ಹೆಸರು ಬರ್ಕೊಳಾಕೆ ಆಗಲ್ಲ ಅಂತ ನೆಟ್ಟಗೆ ಹೇಳೋದು ಬಿಟ್ಟು ಅದು ಜಾಗ ಇಲ್ಲ ಅಂತ ಸುಳ್ಳು ಹೇಳ್ತು."

"ಥೂ ಇದ್ರ! ಸುಳ್ಳು ಹೇಳೋಕೆ ಮನುಷ್ಯರು ಸಾಲ್ದು ಅಂತ ಮಿಷಿನ್ ಬೇರೆ ತಂದ್ನಲ್ಲ ನಾನು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಕ್ಕನ ಕಡೆ ತಿರುಗಿ, "ಆ ಚೀಲ ಯಾಕಮ್ಮ ಕಟ್ಟಿದೀಯಾ? ಬಿಚ್ಚಿಡು, ಬಿಚ್ಚಿಡು. ನಿನ್ನ ಕೈಗುಣಕ್ಕೇನಾಗೈತೆ," ಎಂದರು. ಅಕ್ಕ ಸರ್ಟಿಫಿಕೇಟಿನ ಫ್ರೇಮನ್ನು ಸೆರಗಿನಿಂದ ಒರೆಸಿ ಮತ್ತೆ ಡ್ರಾದೊಳಗೆ ಇಟ್ಟರು. ಈ ಊರಿಗೆ ಬಂದು ಏನೋ ಒಂದು ಮಾಡಿದೆ ಅನ್ನಿಸಿತು.

ಸಾಹುಕಾರರಿಗೆ ನನ್ನ ಮೇಲೂ ಪ್ರೀತಿ ಉಕ್ಕಿತ್ತು. "ದಿನಾ ದಾವಣಗೆರೆಗೆ ಯಾಕ್ರೀ ಸಾಯ್ತೀರಾ? ಮಂಡಿ ಮೇಲೆ ರೂಮು ಖಾಲಿ ಬಿದ್ದೈತೆ, ಫ್ಯಾನೈತೆ, ನಲ್ಲಿ ಐತೆ. ಇವತ್ತೇ ಬಂದು ಇರ್ರಿ."

ನಾನು ಥ್ಯಾಂಕ್ಸ್ ಎಂದು ಹೇಳುವಷ್ಟರಲ್ಲಿ ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, "ಅಂದಂಗೆ, ಯಾವ ಪೈಕಿ ಆದ್ರಿ ನೀವು?"

ಹೇಳಿದೆ.

ಅವರು ಸುಣ್ಣದ ಬೆರಳನ್ನು ಎಲೆಯ ಅಂಚಿಗೆ ಒರೆಸಿದರು. ಸಾಹುಕಾರರು ಕೆಟ್ಟವರಲ್ಲ. ಅವರ ಮುಖದಲ್ಲಿ ಕಷ್ಟ ಕಾಣುತ್ತಿತ್ತು. "ಹಂಗೇನಿಲ್ಲ... ಈಗ ಕೊಯ್ಲು ಬಂತು ನೋಡ್ರಿ, ಚೀಲ ಎಲ್ಲ ಮೇಲೇ ಇಡ್ಬೇಕಾಗುತ್ತೆ," ಎಂದು ಎಲೆ ಮಡಿಸಿದರು. "ಮರ್ತೇಬಿಟ್ಟಿದ್ದೆ. ಜಾಗ ಇಲ್ಲ."

ಅಕ್ಕನ ಟೈಪಿಂಗ್ ನಿಂತಿತ್ತು. ನಾನು ಸ್ಕ್ರೂಡ್ರೈವರು, ಹತ್ತಿ, ಸ್ಪಿರಿಟ್ ಬಾಟಲಿ ಒಂದೊಂದಾಗಿ ಬ್ಯಾಗಿಗೆ ಹಾಕಿಕೊಂಡು, "ಬರ್ತೀನ್ರಿ," ಎಂದು ಎದ್ದೆ.

ಸಂಜೆಯ ದಾವಣಗೆರೆ ಬಸ್ಸು ತುಂಬಿತ್ತು. ಮೆಟ್ಟಿಲ ಹತ್ತಿರವೇ ಜನ ಜೋತುಬಿದ್ದಿದ್ದರು. ನಾನು ಹೇಗೋ ನುಸುಳಿ ಕಂಬಿ ಹಿಡಿದು ನಿಂತೆ. ಮುಂದೆ, ಹೆಂಗಸರ ಕಡೆಯ ಸೀಟಿನಲ್ಲಿ, ಅಕ್ಕ ಕಿಟಕಿ ಬಿಟ್ಟು ಈಚೆ ಕೂತಿದ್ದರು. ಕಿಟಕಿಯ ಕಡೆ ಅವರ ವೈರ್ ಬ್ಯಾಗು ಇತ್ತು. ಯಾರಿಗೋ ಹಿಡಿದಿಟ್ಟಿದ್ದಾರೆ ಎಂದುಕೊಂಡು ನಾನು ಬೇರೆ ಕಡೆ ನೋಡಿದೆ. ಮಂಡಿಯಲ್ಲಿ ಆದದ್ದನ್ನು ಕೇಳಿದವರ ಮುಖ ನೋಡಲು ಆಗ ನನ್ನಿಂದ ಆಗುತ್ತಿರಲಿಲ್ಲ.

"ತಮ್ಮಾ."

ಅಷ್ಟು ದಿನ ನಾನು ಅವರಿಗೆ ಇಂಜಿನಿಯರ್ರು. ಹಾಗಾಗಿ ಬೇರೆ ಯಾರನ್ನೋ ಕರೆದರು ಎಂದುಕೊಂಡೆ.

"ತಮ್ಮಾ, ನಿನ್ನನ್ನೇ." ಅವರು ಬ್ಯಾಗನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕಿಟಕಿಯ ಕಡೆ ಸರಿದರು. ಸುತ್ತ ನಿಂತವರು ನೋಡುತ್ತಿದ್ದರು. ಇಡೀ ಬಸ್ಸಿಗೆ ಕೇಳುವ ಹಾಗೆ, "ಬಾ, ಜಾಗ ಐತೆ. ಕೂತ್ಕ," ಎಂದರು.

ಹೋಗಿ ಕೂತೆ. ದಾರಿಯಲ್ಲಿ ಅಕ್ಕ ಡಬ್ಬಿ ತೆಗೆದು ಮಧ್ಯಾಹ್ನ ಉಳಿದಿದ್ದ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು.

ಸಂತೇಬೆನ್ನೂರಿನಲ್ಲಿ ಅವರು ಇಳಿದುಹೋದರು. ನಾನು ಕಿಟಕಿಯ ಕಡೆ ಸರಿದೆ. ತಲೆಗೆ ಟವೆಲ್ ಸುತ್ತಿದ್ದ ಒಬ್ಬರು ಬಹಳ ಹೊತ್ತಿನಿಂದ ನಿಂತಿದ್ದರು. ಖಾಲಿಯಾದ ಸೀಟನ್ನೂ ನನ್ನ ಶರ್ಟು, ಬ್ಯಾಗುಗಳನ್ನೂ ನೋಡಿ, ಅನುಮಾನಿಸುತ್ತಾ, "ಯಾರಾದ್ರೂ ಬರ್ತಾರೇನ್ರೀ ಇಲ್ಲಿ?" ಎಂದು ಕೇಳಿದರು.

"ಯಾರೂ ಇಲ್ಲ. ಜಾಗ ಐತೆ, ಕೂತ್ಕಳ್ರಿ," ಎಂದೆ.